ನೂರಾ ಎಂಟಕ್ಕೆ ಒಂದು ಸೊನ್ನೆ ಹೆಚ್ಚು

ಅದು 2009ನೇ ಇಸವಿ. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾನು ಬೆಂಗಳೂರಿನ ವಿಜಯನಗರದ ಒಂದು ನರ್ಸಿಂಗ್ ಶಾಲೆಯಲ್ಲಿ ಎರಡನೇ ವರ್ಷ ಓದುತ್ತಿದ್ದೆ. ತಿಪಟೂರಿನ ಹತ್ತಿರದ ಹಳ್ಳಿಯಿಂದ ಬಂದವಳು. ಓದಿನಲ್ಲಿ ಅಷ್ಟಕ್ಕಷ್ಟೇ, ಬಾಯಿ ಮಾತ್ರ ಜೋರು. "ಇವಳು ಮಾತಾಡೋಕೆ ಕೂತ್ರೆ ರೋಗಿಗೆ ತನ್ನ ಕಾಯಿಲೆನೇ ಮರ್ತೋಗುತ್ತೆ" ಎಂದು ವಾರ್ಡಿನ ಆಯಾ ಒಬ್ಬರು ಹೇಳುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಆ ವರ್ಷ ನಮ್ಮನ್ನು ಕಮ್ಯುನಿಟಿ ಪೋಸ್ಟಿಂಗ್‌ಗೆ ಹಾಕಿದರು. ಅಂದರೆ ಆಸ್ಪತ್ರೆಯ ವಾರ್ಡು ಬಿಟ್ಟು ಮನೆ ಮನೆಗೆ ಹೋಗುವ ಕೆಲಸ. ಬಸವೇಶ್ವರನಗರದಲ್ಲಿ ಒಬ್ಬೊಬ್ಬರಿಗೆ ಹನ್ನೆರಡು ಮನೆ. ಬಸುರಿಯರ ಬಿ.ಪಿ. ನೋಡಬೇಕು, ಮಕ್ಕಳಿಗೆ ಲಸಿಕೆ ಆಗಿದೆಯೇ ಎಂದು ಕೇಳಬೇಕು, ಸಕ್ಕರೆ ಕಾಯಿಲೆಯವರ ಕಾಲು ನೋಡಬೇಕು. ಇದರ ಜೊತೆಗೆ ನಮ್ಮ ಸುಶೀಲಾ ಮೇಡಂ ಇನ್ನೊಂದು ಕೆಲಸ ಸೇರಿಸಿದರು. ಪ್ರತಿ ಮನೆಗೂ ತುರ್ತು ನಂಬರುಗಳ ಒಂದು ಕಾರ್ಡು ಬರೆದು ಕೊಡಬೇಕು. ಪೊಲೀಸರಿಗೆ 100, ಬೆಂಕಿ ಬಿದ್ದರೆ 101, ಆಂಬುಲೆನ್ಸಿಗೆ 108, ತೊಂದರೆಯಲ್ಲಿರುವ ಮಕ್ಕಳಿಗೆ 1098, ಹೀಗೆ ಹೆಂಗಸರದ್ದು, ಹಿರಿಯರದ್ದು ಎಲ್ಲ ಸೇರಿ ಆರು ಸಾಲು. ಪರೀಕ್ಷೆಗೆಂದು ನಾವು ಅದನ್ನು ಮೊದಲೇ ಬಾಯಿಪಾಠ ಮಾಡಿದ್ದೆವು.

"ನಿಮಗೆ ಬಾಯಿಗೆ ಬಂದ್ರೆ ಏನು ಬಂತು? ಆ ಮನೆಯವರಿಗೆ ಬರ್ಬೇಕು" ಎಂದರು ಮೇಡಂ. "ಇನ್ನೊಂದು ಮಾತು. ನಂಬರು ಅರ್ಧ ಕೆಲಸ, ವಿಳಾಸ ಇನ್ನರ್ಧ. ಗಾಬರಿಯಲ್ಲಿ ಯಾರಿಗೂ ತಮ್ಮ ಮನೆ ವಿಳಾಸ ಬಾಯಿಗೆ ಬರಲ್ಲ. ಅದನ್ನೂ ಹೇಳಿಸಿ ಹೇಳಿಸಿ ಕಲಿಸಿ ಬನ್ನಿ."

ನನಗೆ ಇದು ಬೇಡದ ತಲೆನೋವು ಎನ್ನಿಸಿತ್ತು. ಬಸವೇಶ್ವರನಗರದ ವಿಳಾಸ ಗೊತ್ತಲ್ಲ, ಇಷ್ಟನೇ ಹಂತ, ಇಷ್ಟನೇ ಬ್ಲಾಕ್, ಇಷ್ಟನೇ ಮುಖ್ಯರಸ್ತೆ, ಇಷ್ಟನೇ ಅಡ್ಡರಸ್ತೆ. ಪೋಸ್ಟ್‌ಮ್ಯಾನ್‌ಗೇ ತಲೆ ತಿರುಗಬೇಕು. ಆದರೂ ಮೇಡಂ ಹೇಳಿದ ಮೇಲೆ ಮಾಡದೆ ವಿಧಿಯಿಲ್ಲ.

ನನ್ನ ಜೊತೆಯವಳು ಜಿನ್ಸಿ, ಕೇರಳದ ಹುಡುಗಿ. ಅವಳಿಗೆ ಕನ್ನಡದಲ್ಲಿ ಒಂದರಿಂದ ಹತ್ತರವರೆಗೆ ಎಣಿಸಲು ಬರುತ್ತಿತ್ತು, ಊಟ, ನೀರು, ನೋವು ಎಂಬ ಮಾತುಗಳು ಬರುತ್ತಿದ್ದವು, ಅಷ್ಟೇ. ತನ್ನ ಪಾಲಿನ ಪ್ರತಿ ಮನೆಯಲ್ಲೂ ಬೆರಳು ಎತ್ತಿ ತೋರಿಸುತ್ತಾ "ಒಂದು, ಸೊನ್ನೆ, ಎಂಟು. ಆಂಟಿ, ನೀವು ಹೇಳಿ, ಒಂದು, ಸೊನ್ನೆ, ಎಂಟು" ಎಂದು ಹೇಳಿಸುತ್ತಿದ್ದಳು. "ಏನೇ ಇದು, ಅಂಗನವಾಡಿ ಟೀಚರ್ ಥರ! ನೂರಾ ಎಂಟು ಅಂದ್ರೆ ಮುಗೀತಲ್ಲೇ" ಎಂದು ನಾನು ದಾರಿಯುದ್ದಕ್ಕೂ ಅವಳನ್ನು ಆಡಿಕೊಳ್ಳುತ್ತಿದ್ದೆ. ಅವಳು ನಗುತ್ತಿದ್ದಳು, ಪಾಪ.

ನನ್ನ ಹನ್ನೆರಡು ಮನೆಗಳಲ್ಲಿ ಏಳನೆಯದು ಹಿಟ್ಟಿನ ಗಿರಣಿಯ ಮೇಲಿನ ಬಾಡಿಗೆ ಮನೆ. ಗದಗದ ಕಡೆಯವರು. ಮಗ ಈರಣ್ಣ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಸೊಸೆ ಶಾಂತಾ ಎಂಟು ತಿಂಗಳ ಬಸುರಿ. ಜೊತೆಯಲ್ಲಿ ಅತ್ತೆ, ಗಿರಿಜವ್ವ. ಹಣೆ ತುಂಬ ವಿಭೂತಿ, ಮೊಣಕೈ ತನಕ ಹಸಿರು ಬಳೆ. ನಾನು ಹೋದಾಗಲೆಲ್ಲ "ಬಾರವಾ ತಂಗಿ, ಬಿಸಲಾಗ ಬಂದಿ, ಮೊದ್ಲ ನೀರು ಕುಡಿ" ಎಂದು ಬೆಲ್ಲದ ಚೂರು, ತಂಬಿಗೆ ನೀರು ಮುಂದಿಡುತ್ತಿದ್ದರು. ಹಾಸ್ಟೆಲಿನ ನೀರು ಸಾರು ಉಂಡು ಬೇಸತ್ತಿದ್ದ ನನಗೆ ಆ ಮನೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಯೂ ಸಿಗುತ್ತಿತ್ತು. ಎಂಟು ತಿಂಗಳ ಬಸುರಿಯ ಮನೆಗೆ ನಾನು ಬೇಕಾದದ್ದಕ್ಕಿಂತ ಹೆಚ್ಚು ಸಲ ಹೋಗುತ್ತಿದ್ದುದಕ್ಕೆ ಅದೂ ಒಂದು ಕಾರಣ ಎಂದು ಒಪ್ಪಿಕೊಳ್ಳುತ್ತೇನೆ.

ಶಾಂತಾಳ ಕಾಲು ಊದಿಕೊಂಡಿತ್ತು. ಬಿ.ಪಿ. ನೋಡಿದರೆ ಇರಬೇಕಾದದ್ದಕ್ಕಿಂತ ಮೇಲಿತ್ತು. ಮೇಡಂಗೆ ಹೇಳಿದೆ. ಅವರೂ ಬಂದು ನೋಡಿ, ಚೀಟಿ ಬರೆದುಕೊಟ್ಟು, ತಡಮಾಡದೆ ಆಸ್ಪತ್ರೆಗೆ ತೋರಿಸಿ ಎಂದರು. ಒಮ್ಮೆ ತೋರಿಸಿ ಮಾತ್ರೆ ತಂದರು. ಮುಂದಿನ ಸೋಮವಾರ ಮತ್ತೆ ಬರಲು ಹೇಳಿದ್ದರಂತೆ. "ತಲೆನೋವು ಜಾಸ್ತಿ ಆದ್ರೆ, ಕಣ್ಣು ಮಂಜಾದ್ರೆ ಸೋಮವಾರದ ತನಕ ಕಾಯ್ಬೇಡಿ. ಆಂಬುಲೆನ್ಸಿಗೆ ಫೋನ್ ಮಾಡಿ" ಎಂದು ಮೇಡಂ ಮೂರು ಮೂರು ಸಲ ಹೇಳಿ ಹೋದರು. ಈರಣ್ಣನ ಮೊಬೈಲು ಕೆಲಸದ ಹೊತ್ತಿನಲ್ಲಿ ಕಾರ್ಖಾನೆಯ ಲಾಕರಿನಲ್ಲಿ ಇರುತ್ತಿತ್ತು. ಮನೆಯಲ್ಲಿದ್ದುದು ಒಂದು ಲ್ಯಾಂಡ್‌ಲೈನ್, ಅದನ್ನು ಬಳಸಬೇಕಾದವರು ಗಿರಿಜವ್ವ.

ನಾನು ಕಾರ್ಡು ಕೊಟ್ಟಾಗ ಗಿರಿಜವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಂಗ ಓದಾಕ ಬರಂಗಿಲ್ಲ ತಂಗಿ. ಅಂಕಿ ಅಷ್ಟ ಗೊತ್ತದಾವು. ಇದರಾಗ ಆರ ನಂಬರ್ ಅದಾವು, ಯಾವದು ಯಾವದಕ್ಕ ಅಂತ ನಂಗ ಹ್ಯಾಂಗ ತಿಳೀಬೇಕು?"

ಆಗ ನನ್ನ ತಲೆಗೆ ಒಂದು ಮಹಾ ಉಪಾಯ ಹೊಳೆಯಿತು. ನಮ್ಮೂರಿನ ಮಠದ ಸ್ವಾಮಿಗಳ ಹೆಸರನ್ನು ಲಗ್ನಪತ್ರಿಕೆಯಲ್ಲಿ, ಜಾತ್ರೆಯ ಕರಪತ್ರದಲ್ಲಿ ಬರೆಯುವಾಗ ಶ್ರೀ ಶ್ರೀ 108 ಎಂದೇ ಶುರು ಮಾಡುವುದು. ಇವರೂ ಮಠದ ಭಕ್ತರೇ.

"ಅಜ್ಜಿ, ನಿಮ್ಮ ಗುರುಗಳ ಹೆಸರಿನ ಮುಂದೆ ಶ್ರೀ ಶ್ರೀ ಅಂತ ಹಾಕಿ ಒಂದು ನಂಬರ್ ಬರೆದಿರ್ತಾರಲ್ಲ, ನೋಡಿದೀರಾ?"

"ನೋಡೀನಿ. ಫೋನಿನ ಮ್ಯಾಲ ಕ್ಯಾಲೆಂಡರಿನ್ಯಾಗ ಐತಲ್ಲ."

"ಅದೇ ಕಣಜ್ಜಿ ಆಂಬುಲೆನ್ಸ್ ನಂಬರ್! ನೂರಾ ಎಂಟು. ಮರ್ತೋದ್ರೆ ಗುರುಗಳ ಕಡೆ ನೋಡಿ, ಒತ್ತಿ."

ಗಿರಿಜವ್ವನ ಮುಖ ಅರಳಿತು. ಗೋಡೆಯ ಕಡೆ ತಿರುಗಿ ಕೈಮುಗಿದು, "ಗುರುಗಳ ನಂಬರ್ ಅನ್ನು ಹಂಗಾರ. ಇನ್ನ ಮರಿಯಂಗಿಲ್ಲ ಬಿಡು" ಎಂದರು. ಗೋಡೆ ಇದ್ದುದು ನನ್ನ ಬೆನ್ನ ಹಿಂದೆ. ತಿರುಗಿ ನೋಡುವಷ್ಟು ವ್ಯವಧಾನ ನನಗಿರಲಿಲ್ಲ, ರೊಟ್ಟಿ ಬಿಸಿಯಾಗಿತ್ತು.

ವಿಳಾಸವನ್ನು ಮಾತ್ರ ಮೇಡಂ ಭಯಕ್ಕೆ ಚೆನ್ನಾಗಿ ಹೇಳಿಸಿದೆ. ಗಿರಿಜವ್ವ ಅದನ್ನು ರುದ್ರಾಕ್ಷಿ ಸರ ಹಿಡಿದು ಮಣಿಗೊಂದರಂತೆ ಜಪದ ಹಾಗೆ ಹೇಳಿಕೊಳ್ಳುತ್ತಿದ್ದರು. ಬಸವೇಶ್ವರನಗರ ಒಂದು ಮಣಿ, ಹಂತ ಒಂದು ಮಣಿ, ಬ್ಲಾಕ್ ಒಂದು ಮಣಿ, ನೀರಿನ ಟ್ಯಾಂಕಿನ ಹಿಂದಿನ ಅಡ್ಡರಸ್ತೆ ಒಂದು ಮಣಿ, ಹಿಟ್ಟಿನ ಗಿರಣಿ ಮ್ಯಾಲ ಒಂದು ಮಣಿ. ಅದನ್ನು ಕೇಳಿ ಶಾಂತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆ ಸಂಜೆ ಹಾಸ್ಟೆಲಿನಲ್ಲಿ ನನ್ನ ಉಪಾಯವನ್ನು ಎಲ್ಲರಿಗೂ ಹೇಳಿ ಮೆರೆದೆ. ಮಠದ ಭಕ್ತರಿದ್ದ ಇನ್ನೂ ಎರಡು ಮನೆಗಳಲ್ಲಿ ಅದನ್ನೇ ಹೇಳಿಕೊಟ್ಟೆ.

ಇದಾಗಿ ನಾಲ್ಕೈದು ದಿನ ಕಳೆದಿರಬಹುದು, ಆ ಸೋಮವಾರ ಇನ್ನೂ ಬಂದಿರಲಿಲ್ಲ. ಬೆಳಗ್ಗೆ ಹನ್ನೊಂದರ ಸಮಯ. ನಾನು ಪಕ್ಕದ ಅಡ್ಡರಸ್ತೆಯ ಮನೆಯೊಂದರಲ್ಲಿ ಮಗುವಿನ ತೂಕ ನೋಡುತ್ತಿದ್ದೆ. ಹೊರಗೆ ಯಾರೋ "ಗಿರಣಿ ಮನೆ ಹತ್ರ ಪೊಲೀಸ್ ಬಂದಿದೆಯಂತೆ" ಎಂದದ್ದು ಕೇಳಿಸಿತು. ಗಿರಣಿ ಮನೆ ಎಂದ ಕೂಡಲೇ ಮಗುವನ್ನು ತಾಯಿಯ ಕೈಗೆ ಕೊಟ್ಟು ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಪೊಲೀಸರ ಗಸ್ತಿನ ಹೊಯ್ಸಳ ಗಾಡಿ ಗಿರಣಿಯ ಮುಂದೆ ನಿಂತಿತ್ತು. ಮೆಟ್ಟಿಲ ತುಂಬ ಜನ. ಬಸುರಿ ಇರುವ ಮನೆಗೆ ಪೊಲೀಸರು ಯಾಕೆ ಬಂದರು? ಒಳ್ಳೆಯ ಯೋಚನೆ ಒಂದೂ ಬರಲಿಲ್ಲ.

ಒಳಗೆ ಶಾಂತಾ ನೆಲದ ಮೇಲೆ ಬಿದ್ದಿದ್ದಳು. ಬಾಯಲ್ಲಿ ನೊರೆ. ಅಷ್ಟರಲ್ಲಾಗಲೇ ಒಂದು ಸಲ ಫಿಟ್ಸ್ ಬಂದು ನಿಂತಿತ್ತು. ಪಕ್ಕದ ಮನೆಯಾಕೆ ಅವಳ ಮುಷ್ಟಿಗೆ ಬೀಗದ ಕೈ ತುರುಕುತ್ತಿದ್ದರು. ಇನ್ನೊಬ್ಬರು ಹಲ್ಲಿನ ನಡುವೆ ಚಮಚ ಇಡಲು ನೋಡುತ್ತಿದ್ದರು. ಗಿರಿಜವ್ವ ಸೊಸೆಯ ಕಾಲಬುಡದಲ್ಲಿ ಕೂತು ಅಂಗಾಲು ಉಜ್ಜುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ನನ್ನ ಯೂನಿಫಾರ್ಮ್ ನೋಡಿ, "ಸಿಸ್ಟರ್, ಬನ್ನಿ ಬನ್ನಿ, ಒಳ್ಳೆ ಟೈಮಿಗೆ ಬಂದ್ರಿ. ಆಂಬುಲೆನ್ಸ್ ಹೊರಟಿದೆ. ಅಷ್ಟರಲ್ಲಿ ಏನಾದ್ರೂ ಮಾಡಿ" ಎಂದರು.

ಸಿಸ್ಟರ್! ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಬಸುರಿಗೆ ಬಿ.ಪಿ. ಏರಿ ಫಿಟ್ಸ್ ಬರುವುದನ್ನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು. ಆದರೂ ಮೇಡಂ ತರಗತಿಯಲ್ಲಿ ಹೇಳಿದ್ದು ನೆನಪಿಗೆ ಬಂತು. ಚಮಚ ಕಿತ್ತು ಪಕ್ಕಕ್ಕಿಟ್ಟೆ. "ಬಾಯಿಗೆ ಏನೂ ಹಾಕ್ಬೇಡಿ, ಗಾಳಿ ಬಿಡಿ" ಎಂದು ಕೂಗಿದೆ. ಶಾಂತಾಳನ್ನು ಎಡಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ನನ್ನ ಏಪ್ರನ್ ಮಡಿಸಿ ಇಟ್ಟು, ಬಾಯಲ್ಲಿದ್ದ ನೊರೆ ಒರೆಸಿದೆ. ಕಾನ್‌ಸ್ಟೇಬಲ್ ಜನರನ್ನೆಲ್ಲ ಮೆಟ್ಟಿಲಿಳಿಸಿದರು.

ಹಾಗೆ ಅವಳ ಹೆಗಲು ಹಿಡಿದುಕೊಂಡು ನೆಲದಲ್ಲಿ ಕೂತಿದ್ದಾಗ ನನ್ನ ಕಣ್ಣು ಎದುರು ಗೋಡೆಯ ಮೇಲೆ ಬಿತ್ತು. ಕೆಳಗೆ ಸ್ಟೂಲಿನ ಮೇಲೆ ಫೋನು. ಮೇಲೆ ಮಠದ ಕ್ಯಾಲೆಂಡರು. ಗುರುಗಳ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಶ್ರೀ ಶ್ರೀ ಶ್ರೀ 1008 ಎಂದಿತ್ತು.

ನೂರಾ ಎಂಟಲ್ಲ, ಸಾವಿರದ ಎಂಟು. ನಮ್ಮೂರಿನದು ಚಿಕ್ಕ ಮಠ, ಅಲ್ಲಿನ ಸ್ವಾಮಿಗಳಿಗೆ 108. ಇವರ ಗುರುಗಳು ಜಗದ್ಗುರುಗಳು, ಅವರಿಗೆ 1008. ಹುಟ್ಟಿದಂದಿನಿಂದ ಇಂಥ ಕರಪತ್ರಗಳನ್ನು ನೋಡುತ್ತಲೇ ಬೆಳೆದವಳಿಗೆ ಅಷ್ಟು ಹೊಳೆದಿರಲಿಲ್ಲ. ಪೊಲೀಸರು ಈ ಮನೆಗೆ ಯಾಕೆ ಬಂದರು ಎನ್ನುವುದು ಆಗ ಗೊತ್ತಾಯಿತು. ಗಿರಿಜವ್ವ ನಾನು ಹೇಳಿಕೊಟ್ಟಂತೆಯೇ ಗುರುಗಳ ಕಡೆ ನೋಡಿ ಒಂದು, ಸೊನ್ನೆ, ಸೊನ್ನೆ, ಎಂಟು ಒತ್ತಿದ್ದರು. ಮೊದಲ ಮೂರು ಅಂಕಿ ಸೇರುತ್ತಿದ್ದಂತೆ ಅದು 100 ಆಗಿ ಪೊಲೀಸ್ ಕಂಟ್ರೋಲ್ ರೂಮಿಗೆ ಹೋಗಿತ್ತು. ಕೊನೆಯ ಎಂಟನ್ನು ಕೇಳುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಶಾಂತಾಳಿಗೆ ಎರಡನೇ ಸಲ ಫಿಟ್ಸ್ ಬಂತು. ಅವಳ ಮೈ ಸೆಟೆದು ನನ್ನ ಕೈಯಲ್ಲೇ ಅದುರಿತು. "ಶಿವನೇ, ಶಿವನೇ" ಎಂದು ಗಿರಿಜವ್ವ ಒಂದೇ ಸಮನೆ ಹೇಳುತ್ತಿದ್ದರು. ಈ ಹುಡುಗಿಗೆ, ಇವಳ ಹೊಟ್ಟೆಯಲ್ಲಿರುವ ಮಗುವಿಗೆ ಏನಾದರೂ ಆದರೆ ಕಾರಣ ನಾನೇ ಎಂದು ನನ್ನ ಮನಸ್ಸು ಕೂಗುತ್ತಿತ್ತು.

ಆಂಬುಲೆನ್ಸ್ ಬಂತು. ಕಿರಿದಾದ ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗಲಿಲ್ಲ. ಕಾನ್‌ಸ್ಟೇಬಲ್ ಟೋಪಿ ತೆಗೆದು ಗೂಟಕ್ಕೆ ಹಾಕಿದರು. ಅವರು, ಗಿರಣಿಯವರು, ಆಂಬುಲೆನ್ಸಿನ ಇಬ್ಬರು ಸೇರಿ ಶಾಂತಾಳನ್ನು ದಪ್ಪ ಜಮಖಾನೆಯಲ್ಲಿ ಮಲಗಿಸಿ ಒಂದೊಂದೇ ಮೆಟ್ಟಿಲು ಇಳಿಸಿದರು. ಹಿಟ್ಟು ಮೆತ್ತಿದ ಕೈಗಳ ಗುರುತು ಜಮಖಾನೆಯ ಅಂಚಿನಲ್ಲಿ ಹಾಗೇ ಉಳಿದಿತ್ತು. ನಾನೂ ಗಿರಿಜವ್ವನೂ ಹತ್ತಿ ಕೂತೆವು. ಹೊಯ್ಸಳ ಗಾಡಿ ಮುಂದೆ ಹಾರ್ನ್ ಮಾಡುತ್ತಾ ದಾರಿ ಬಿಡಿಸಿಕೊಂಡು ಹೋಯಿತು. ರಾಜಾಜಿನಗರದ ಕಡೆಯ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಕಾನ್‌ಸ್ಟೇಬಲ್ ಇಳಿದು ಬಂದು, "ಅಜ್ಜಿ ವಿಳಾಸ ಹೇಳಿದ್ದು ನೋಡ್ಬೇಕಿತ್ತಂತೆ ಸಿಸ್ಟರ್. ಮಂತ್ರ ಹೇಳಿದಂಗೆ ಗಟಗಟಾಂತ ಹೇಳ್ಬಿಟ್ರಂತೆ. ಎಲ್ಲೂ ಹುಡುಕಲೇ ಇಲ್ಲ ನಾವು, ಸೀದಾ ಬಂದ್ವಿ" ಎಂದರು. ಅವರಿಗೆ ಒಂದು ಥ್ಯಾಂಕ್ಸ್ ಕೂಡ ಹೇಳದೆ ಸ್ಟ್ರೆಚರಿನ ಹಿಂದೆ ಓಡಿದೆ. ಅವರ ಹೆಸರನ್ನೂ ಕೇಳಲಿಲ್ಲ. ಆ ಬೇಸರ ಇಂದಿಗೂ ಇದೆ.

ಶಾಂತಾಳನ್ನು ಆಪರೇಷನ್‌ಗೆ ತೆಗೆದುಕೊಂಡು ಹೋದರು. ಕಾರಿಡಾರಿನ ಬೆಂಚಿನ ಮೇಲೆ ಗಿರಿಜವ್ವನ ಪಕ್ಕ ಕೂತೆ. ಆಕೆ ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು. ಬಿಡಿಸಿಕೊಳ್ಳಬೇಕು ಎನ್ನಿಸುತ್ತಿತ್ತು, ಬಿಡಿಸಿಕೊಳ್ಳಲು ಮನಸ್ಸಾಗುತ್ತಿರಲಿಲ್ಲ. ಆ ಮನೆಯಲ್ಲಿ ಲ್ಯಾಂಡ್‌ಲೈನ್ ಬದಲು ಮೊಬೈಲ್ ಇದ್ದಿದ್ದರೆ? ನಾಲ್ಕು ಅಂಕಿ ಒತ್ತಿ ಹಸಿರು ಬಟನ್ ಒತ್ತಿದ್ದರೆ "ನೀವು ಕರೆ ಮಾಡಿದ ಸಂಖ್ಯೆ ಸರಿಯಾಗಿಲ್ಲ" ಎಂಬ ಧ್ವನಿ ಕೇಳುತ್ತಿತ್ತೋ ಏನೋ. ಗಿರಿಜವ್ವ ಮತ್ತೆ ಗುರುಗಳ ಕಡೆ ನೋಡಿ ಮತ್ತೆ ಅದನ್ನೇ ಒತ್ತುತ್ತಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ಹೆಣ್ಣು ಮಗು ಹುಟ್ಟಿತು. ಅಂಗೈ ಅಗಲದ ಮಗು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಶಾಂತಾಳಿಗೆ ಮಾರನೆಯ ದಿನ ಪೂರ್ತಿ ಎಚ್ಚರವಾಯಿತು. ಇಬ್ಬರೂ ಉಳಿಯುತ್ತಾರೆ ಎಂದು ಡಾಕ್ಟರು ಹೇಳಿದಾಗ ಈರಣ್ಣ ಹಿಂದಿನ ದಿನದ ಕಾರ್ಖಾನೆಯ ಬಟ್ಟೆಯಲ್ಲೇ ನೆಲಕ್ಕೆ ಕುಸಿದು ಕೂತು ಅತ್ತ. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆ ದಿನ ಸುಶೀಲಾ ಮೇಡಂ ಆಸ್ಪತ್ರೆಗೆ ಬಂದರು. ಗಿರಿಜವ್ವನ ಹತ್ತಿರ, "ಯಾವ ನಂಬರಿಗೆ ಫೋನ್ ಮಾಡಿದ್ರಿ ಅಜ್ಜಿ? ಪೊಲೀಸರೂ ಬಂದಿದ್ರಂತಲ್ಲ?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನ್ನ ಪಾಡು. ಗಿರಿಜವ್ವ ನನ್ನ ಮುಖ ಒಂದು ಗಳಿಗೆ ನೋಡಿದರು. "ಈ ತಂಗಿ ಹೇಳಿದ್ದನ್ನ ಒತ್ತಿದೆ ನೋಡ್ರಿ. ಎಲ್ಲಾರೂ ಬಂದ್ರು. ಗುರುಗಳ ದಯಾ" ಎಂದರು.

ಮೇಡಂ ಮರುದಿನ ತರಗತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇವಳು ಹೇಳಿಕೊಟ್ಟ ಒಂದು ನಂಬರು ಎರಡು ಜೀವ ಉಳಿಸಿತು" ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವಳು ಜಿನ್ಸಿ. ಆ ಚಪ್ಪಾಳೆಗಿಂತ ನಾಲ್ಕು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ತರಗತಿ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಮೇಡಂ, "ಇವತ್ತೇ ಹನ್ನೆರಡು ಮನೆಗೂ ಹೋಗು. ನೀನು ಹೇಳ್ಬೇಡ. ಅವರು ಫೋನ್ ಮುಂದೆ ಕೂತು ಯಾವ ಯಾವ ಬಟನ್ ಒತ್ತೋದು ಅಂತ ನಿನಗೆ ತೋರಿಸ್ಬೇಕು" ಎಂದರು. ಹೋದೆ. ನಾನು ಉಪಾಯ ಹೇಳಿಕೊಟ್ಟಿದ್ದ ಇನ್ನೆರಡು ಮನೆಗಳಲ್ಲಿ ಒಂದು ಮನೆಯಾಕೆಯ ಬೆರಳು ಸರಿಯಾಗಿ 1008ರ ಮೇಲೆ ಓಡಾಡಿತು. ಮತ್ತೊಂದು ಮನೆಯ ಅಜ್ಜ, ಕ್ಯಾಲೆಂಡರಿನ ಗೊಡವೆಯೇ ಇಲ್ಲದೆ, "ನೂರಾ ಎಂಟು ತಾನೆ? ಮೊದ್ಲು ನೂರು, ಆಮೇಲೆ ಎಂಟು" ಎಂದು ಅದನ್ನೇ ತೋರಿಸಿದರು. ಜಿನ್ಸಿಯ ಮನೆಗಳನ್ನೂ ಮೇಡಂ ಹೀಗೇ ನೋಡಿಸಿದರು, ಹನ್ನೆರಡರಲ್ಲಿ ಒಬ್ಬರೂ ತಪ್ಪಲಿಲ್ಲ. ಅವಳ ಮುಂದೆ ಕೈಮುಗಿದು ಕ್ಷಮೆ ಕೇಳಿದೆ. ಯಾಕೆಂದು ಅವಳಿಗೆ ಅರ್ಥ ಮಾಡಿಸಲು ಅರ್ಧ ಗಂಟೆ ಹಿಡಿಯಿತು.

ಗಿರಣಿ ಮನೆಗೆ ಮಾತ್ರ ಹೋಗಲು ಕಾಲು ಬರಲಿಲ್ಲ. ಅವರೆಲ್ಲ ಆಸ್ಪತ್ರೆಯಲ್ಲಿದ್ದಾರೆ ಎಂಬ ನೆಪವೂ ಇತ್ತು. ಒಂದೂವರೆ ತಿಂಗಳಾದ ಮೇಲೆ, ಮಗುವನ್ನು ತೊಟ್ಟಿಲಿಗೆ ಹಾಕುತ್ತೇವೆ, ಬರಲೇಬೇಕು ಎಂದು ಈರಣ್ಣ ಹಾಸ್ಟೆಲಿಗೇ ಬಂದು ಕರೆದ. ಇವತ್ತು ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ.

ಬಂದವರೆಲ್ಲ ಊಟ ಮಾಡಿ ಹೋದ ಮೇಲೆ ಗಿರಿಜವ್ವ ಮೊಮ್ಮಗಳನ್ನು ನನ್ನ ಮಡಿಲಿಗೆ ಹಾಕಿದರು. ಗಾಜಿನ ಪೆಟ್ಟಿಗೆಯಲ್ಲಿದ್ದ ಆ ಅಂಗೈ ಅಗಲದ ಮಗುವೇ ಇದು ಎಂದು ನಂಬಲಾಗಲಿಲ್ಲ. ನನ್ನ ಕಿರುಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. "ಅಜ್ಜಿ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಅವತ್ತು ನಾನು..." ಎಂದು ತಲೆ ಎತ್ತಿದೆ. ಎದುರಿಗೆ ಅದೇ ಫೋನು, ಅದೇ ಕ್ಯಾಲೆಂಡರು. ಗುರುಗಳ ಹೆಸರಿನ ಮುಂದಿದ್ದ ನಂಬರಿನಲ್ಲಿ ಒಂದು ಸೊನ್ನೆ ಕಾಣುತ್ತಿರಲಿಲ್ಲ. ಅದರ ಮೇಲೆ ಯಾರೋ ವಿಭೂತಿಯನ್ನು ನೀರಲ್ಲಿ ಕಲಸಿ ದಪ್ಪನಾಗಿ ಹಚ್ಚಿದ್ದರು. ಉಳಿದದ್ದು ಒಂದು, ಸೊನ್ನೆ, ಎಂಟು.

"ಅಜ್ಜಿ, ನಿಮಗೆ ಗೊತ್ತಿತ್ತಾ?"

"ಅವತ್ತ ಗೊತ್ತಾತಲ್ಲ ತಂಗಿ. ಫೋನಿನ್ಯಾಗ ಅಂವ ಹೇಳಿದ, ಇದು ಪೊಲೀಸರದು, ಆಂಬುಲೆನ್ಸಿನದು ನೂರಾ ಎಂಟು, ನಾವ ಅವರಿಗೆ ಹೇಳ್ತೀವಿ, ನೀವು ವಿಳಾಸ ಹೇಳ್ರಿ ಅಂತ. ವಿಳಾಸ ನೀ ಕಲಿಸಿದ್ದಿ, ಹೇಳಿದೆ."

"ಮತ್ತೆ ಮೇಡಂ ಕೇಳಿದಾಗ ಯಾಕೆ ಹೇಳಲಿಲ್ಲ?"

"ಹೇಳಿದ್ರ ನಿಂಗ ಬೈತಿದ್ರು. ನೀ ಕಲಿಯೂ ಹುಡಿಗಿ. ನಿನ್ನ ಮಾರಿ ನೋಡಿದ್ನಿ ಅವತ್ತ, ನೀನ ನಿಂಗ ಬೈಕೊಳ್ಳಾಕ ಹತ್ತಿದ್ದಿ. ಮ್ಯಾಲ ಮತ್ತೊಬ್ಬರು ಯಾಕ ಬೈಬೇಕು?" ಎಂದು ಹೇಳಿ, ಮೊಮ್ಮಗಳ ಕುಲಾವಿ ಸರಿ ಮಾಡಿದರು. "ಗುರುಗಳ ಒಂದು ಸೊನ್ನಿ ಮುಚ್ಚೀನಿ. ಅವರೇನ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ. ತಗೋ, ಹೋಳಿಗಿ ತಿನ್ನು."

ಕಣ್ಣೀರು ಸುರಿಸುತ್ತಲೇ ಹೋಳಿಗೆ ತಿಂದೆ.

ಇದೆಲ್ಲ ಆಗಿ ಬಹಳ ವರ್ಷಗಳಾದವು. ಈಗ ನಾನೇ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳುತ್ತೇನೆ. ತುರ್ತು ನಂಬರುಗಳ ಪಾಠ ಬಂದಾಗ ನೂರಾ ಎಂಟು ಎಂಬ ಮಾತನ್ನು ನನ್ನ ತರಗತಿಯಲ್ಲಿ ಯಾರೂ ಆಡುವಂತಿಲ್ಲ. ಜಿನ್ಸಿಯ ಹಾಗೆ ಬೆರಳು ಎತ್ತಿ ಒಂದು, ಸೊನ್ನೆ, ಎಂಟು ಎನ್ನಬೇಕು, ಮನೆಯವರಿಂದ ಒತ್ತಿ ತೋರಿಸಿಕೊಂಡೇ ಬರಬೇಕು. ಅಂಗನವಾಡಿ ಟೀಚರ್ ಎಂದು ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಆಡಿಕೊಳ್ಳುತ್ತಾರೆ, ನನಗೆ ಗೊತ್ತು.

ಕೆಲವೊಮ್ಮೆ ಯಾವಳೋ ಒಬ್ಬಳು ವಾರ್ಡಿನಲ್ಲಿ ತಪ್ಪು ಮಾಡಿ, ಮುಖ ಬಿಳಿಚಿಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಾಳೆ. ಬೈಯಲು ಬಾಯಿ ತೆರೆಯುತ್ತೇನೆ. ಆಗ ಗಿರಿಜವ್ವನ ಆ ಒಂದು ಗಳಿಗೆಯ ನೋಟ ನೆನಪಾಗುತ್ತದೆ. ನಾನು ಎಷ್ಟು ಬೈಯಬೇಕೋ ಅಷ್ಟನ್ನೂ ಆ ಹುಡುಗಿ ತನಗೆ ತಾನೇ ಬೈದುಕೊಂಡು ಬಂದಿರುವುದು ಮುಖ ನೋಡಿದರೆ ತಿಳಿಯುತ್ತದೆ. ಬಾಗಿಲು ಹಾಕಿ, ಕೂರಿಸಿ, ಮೊದಲು ಒಂದು ಲೋಟ ನೀರು ಕೊಡುತ್ತೇನೆ.